ಹೊಕ್ಕುಳಬಳ್ಳಿಯ ಕೋಶದಲ್ಲಿ ಒಂದು ಜೀನಿನ ಬಾಯಿ ಮುಚ್ಚಿಸುವುದು

ದಾವಣಗೆರೆಯಲ್ಲಿ ಪಿಎಚ್‌ಡಿ ಮಾಡುವಾಗ ಹೆರಿಗೆ ವಾರ್ಡಿನಿಂದ ಐಸ್ ಡಬ್ಬಿಯಲ್ಲಿ ಹೊಕ್ಕುಳಬಳ್ಳಿ ತರುತ್ತಿದ್ದೆ, ತಾಯಿಯ ಒಪ್ಪಿಗೆ ಪತ್ರದ ಸಮೇತ. ಆಟೋದವರು ಕೇಳಿದರೆ ‘ಔಷಧಿ ಅಣ್ಣ’ ಅನ್ನುತ್ತಿದ್ದೆ. ಬಳ್ಳಿಯ ಅಭಿಧಮನಿಗೆ ಕೊಲಾಜಿನೇಸ್ ಎಂಬ ಕಿಣ್ವ ತುಂಬಿ ಒಳಪದರದ ಕೋಶ ಬಿಡಿಸುವ ಕ್ರಮ 1973ರಿಂದಲೂ ಇದೆ. ಐದನೇ ಪ್ಯಾಸೇಜ್ (ಒಂದು ತಟ್ಟೆಯಿಂದ ಇನ್ನೊಂದಕ್ಕೆ ಮರುನಾಟಿ) ದಾಟಿದ ಕೋಶ ಮಾತ್ರ ಬೇಡ.

ಜೀನಿನ ಬಾಯಿ ಮುಚ್ಚಿಸುವುದು ಆಂಟಿಸೆನ್ಸ್ ತುಂಡು, ಅಂದರೆ ಆ ಜೀನಿನ ಎಂಆರ್‌ಎನ್‌ಎಗೆ (ಪ್ರೋಟೀನ್ ಕಟ್ಟಲು ಹೋಗುವ ಸಂದೇಶ) ಜೋಡಿಯಾಗುವ ಸಣ್ಣ ಎಳೆ. ಅದು 20 ಅಕ್ಷರದ್ದಿರಲಿ: ನಡುವೆ 10 ಡಿಎನ್ಎ, ಎರಡೂ ತುದಿಗೆ ಐದೈದು ಎಂಒಇ (ಸಕ್ಕರೆ ಭಾಗ ಮಾರ್ಪಡಿಸಿದ ಅಕ್ಷರ), ಬೆನ್ನೆಲುಬು ಫಾಸ್ಫೊರೊಥಯೋಯೇಟ್ (ಒಂದು ಆಮ್ಲಜನಕದ ಜಾಗದಲ್ಲಿ ಗಂಧಕ). ಸಾದಾ ಡಿಎನ್ಎ ಆದರೆ ಕತ್ತರಿಸುವ ಕಿಣ್ವಗಳಾದ ನ್ಯೂಕ್ಲಿಯೇಸ್‌ಗಳು ಬೇಗ ತಿಂದುಹಾಕುತ್ತವೆ. ತುಂಡು ಎಂಆರ್‌ಎನ್‌ಎಗೆ ಅಂಟಿದರೆ ಸಾಕು, ಕೋಶದೊಳಗಿನ ಆರ್‌ನೇಸ್ ಎಚ್ ಎಂಬ ಕಿಣ್ವ ಬಂದು ಆ ಎಂಆರ್‌ಎನ್‌ಎಯನ್ನು ಕತ್ತರಿಸುತ್ತದೆ.

ಸಾಲಾಗಿ ನಾಲ್ಕು ‘ಜಿ’ (ಗ್ವಾನಿನ್ ಅಕ್ಷರ) ಇರುವ ತುಂಡು ಆರಿಸಬೇಡಿ. ನಾನು ಆರಿಸಿದ್ದೆ. ಕೋಶಗಳ ಬೆಳವಣಿಗೆ ಗಕ್ಕನೆ ನಿಂತಿತು. ಜೀನಿನ ಬಾಯಿ ಮುಚ್ಚಿತು ಅಂದುಕೊಂಡು ಖುಷಿಗೆ ಗೆಳತಿಯರಿಗೆಲ್ಲ ಬೆಣ್ಣೆದೋಸೆ ಕೊಡಿಸಿದೆ. ಮರುವಾರ ಆರ್‌ಎನ್‌ಎ ಅಳೆದರೆ ಅದು ಇದ್ದಷ್ಟೇ ಇತ್ತು! ಜೀನ್ ಅಲುಗಿರಲೇ ಇಲ್ಲ. ಆ ‘ಜಿ’ಗಳೇ ಕೋಶವನ್ನು ಕಾಡಿದ್ದವು. ರಕ್ತನಾಳದ ನಯಸ್ನಾಯು ಕೋಶಗಳಲ್ಲಿ ಸಿ-ಮಿಬ್ ಜೀನಿನ ವಿರುದ್ಧದ ತುಂಡಿನದೂ ಇದೇ ಕತೆ ಅಂತ 1995ರಲ್ಲೇ ಬಯಲಾಗಿತ್ತು. ಓದಿಕೊಂಡಿದ್ದರೆ ದೋಸೆ ದುಡ್ಡು ಉಳಿಯುತ್ತಿತ್ತು.

ಜೆಲಾಟಿನ್ ಸವರಿದ ಆರು ಗುಳಿಯ ಪ್ಲೇಟಿನಲ್ಲಿ ಕೋಶ ತಳದ ಶೇ. 70ರಷ್ಟು ಹರಡಿದಾಗ ಶುರುಮಾಡಿ. ಸೀರಂ, ಆಂಟಿಬಯಾಟಿಕ್ ಎರಡೂ ಇಲ್ಲದ ಮೀಡಿಯಾದಲ್ಲಿ (ಕೋಶ ಬೆಳೆಸುವ ದ್ರವ) ಲಿಪಿಡ್ (ತುಂಡನ್ನು ಕೋಶದೊಳಗೆ ಒಯ್ಯುವ ಕೊಬ್ಬು) ಒಂದು ಟ್ಯೂಬಿಗೆ, ತುಂಡು ಇನ್ನೊಂದಕ್ಕೆ. ಆಮೇಲೆ ಬೆರೆಸಿ 20 ನಿಮಿಷ ಬಿಡಿ. ‘ರೂಂ ಟೆಂಪರೇಚರ್’ ಅಂತ ಬರೆದಿರುತ್ತಾರೆ. ಏಪ್ರಿಲ್ಲಿನಲ್ಲಿ ನಮ್ಮೂರ ರೂಮು ಅದಲ್ಲ, ಎಸಿ ಹಾಕಿ. ಆಮೇಲೆ ಮಿಶ್ರಣವನ್ನು ಕೋಶಗಳ ಮೇಲೆ ಹಾಕಿ. ಗುಳಿಯಲ್ಲಿ ಒಟ್ಟು 1 ಮಿಲೀ ಆಗುವಂತಿದ್ದರೆ, 10 ಮೈಕ್ರೋಮೋಲಾರ್ ಸ್ಟಾಕಿನಿಂದ 10 ಮೈಕ್ರೋಲೀಟರ್ ಹಾಕಿದಾಗ 100 ನ್ಯಾನೋಮೋಲಾರ್. ಅಲ್ಲಿಂದ ಮೇಲೆ ಕೆಳಗೆ ನೋಡಿಕೊಳ್ಳಿ. ನಾಲ್ಕು ಗಂಟೆಯಾದ ಮೇಲೆ ಮಾಮೂಲಿ ಮೀಡಿಯಾ ಕೊಡಿ. ಲಿಪಿಡ್ ಹೆಚ್ಚು ಹೊತ್ತು ಉಳಿದರೆ ಈ ಕೋಶಗಳು ಸಾಯುತ್ತವೆ.

ಹೋಲಿಕೆಗೆ ಆರು ಗುಳಿಯಲ್ಲಿ ಒಂದರ ಕೋಶಕ್ಕೆ ಏನೂ ಹಾಕಬೇಡಿ, ಒಂದಕ್ಕೆ ಬರೀ ಲಿಪಿಡ್, ಎರಡಕ್ಕೆ ಅವೇ ಅಕ್ಷರಗಳ ಕ್ರಮ ಕಲಸಿದ, ಗುರಿಗೆ ಅಂಟದ ತುಂಡು. ಅಸಲಿ ತುಂಡಿಗೆ ಉಳಿಯುವುದು ಎರಡೇ. ಜಿಪುಣತನ ಅನ್ನಿಸಿದರೂ ಸರಿ.

24 ಗಂಟೆಗೆ ಆರ್‌ಎನ್‌ಎ ತೆಗೆಯಿರಿ. ಪ್ರೋಟೀನಿಗೆ 48 ಗಂಟೆಯಾದರೂ ಕಾಯಿರಿ, ಹಳೆಯದು ಕರಗಬೇಕಲ್ಲ. ಗುರಿ ಐಕ್ಯಾಮ್-1 (ಬಿಳಿ ರಕ್ತಕಣ ಅಂಟಿಕೊಳ್ಳುವ ಪ್ರೋಟೀನ್) ಆಗಿದ್ದರೆ ಕೋಶದ ಕೊಯ್ಲಿಗೆ ಕೆಲವು ಗಂಟೆ ಮುಂಚೆ ಉರಿಯೂತ ಎಬ್ಬಿಸುವ ಟಿಎನ್ಎಫ್-ಆಲ್ಫಾ ಹಾಕಿ. ಸುಮ್ಮನಿರುವ ಕೋಶದಲ್ಲಿ ಐಕ್ಯಾಮ್-1 ಇರುವುದೇ ಅತ್ಯಲ್ಪ. ಇಲ್ಲದ್ದನ್ನು ತಗ್ಗಿಸಿದೆ ಅಂತ ತೋರಿಸುವುದು ಹೇಗೆ?