ಸಜ್ಜಾದ ಪಾರಿವಾಳ, ಅಟ್ಟದ ಗೂಬೆ

ಮನೆ ಮೇಲೆ ಗೂಬೆ ಕೂತರೆ ಶಾಂತಿ ಮಾಡಿಸೋರು ನಮ್ಮ ದಾವಣಗೆರೆ ಕಡೆ ಇನ್ನೂ ಇದ್ದಾರೆ. ಅದೇ ಮನೆಯ ಕಿಟಕಿ ಸಜ್ಜಾದಲ್ಲಿ ಪಾರಿವಾಳ ಮೊಟ್ಟೆ ಇಟ್ಟರೆ ಮಾತ್ರ ಪಾಪ ಅಂತ ಬಿಟ್ಟುಬಿಡ್ತಾರೆ. ಆದರೆ ರೋಗ ತರೋದು ಪಾರಿವಾಳದ ಹಿಕ್ಕೆ ನೋಡ್ರಿ. ಅದು ಒಣಗಿ ಪುಡಿಯಾದಾಗ ಶಿಲೀಂಧ್ರದ ಕಣ, ಗರಿಯ ಧೂಳು ಎಲ್ಲ ಉಸಿರಿನ ಜೊತೆ ಒಳಗೆ ಹೋಗುತ್ತೆ. ಕೆಲವರ ಶ್ವಾಸಕೋಶಕ್ಕೆ ಅದು ಒಗ್ಗದೆ ತಿಂಗಳುಗಟ್ಟಲೆ ಒಣಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರ ಹತ್ತಿರ ಹೋದಾಗ ಮನೇಲಿ ಪಾರಿವಾಳ ಇರೋದನ್ನ ನೀವಾಗೇ ಹೇಳ್ರಿ, ಅವರು ಕೇಳಲಿ ಅಂತ ಕಾಯಬೇಡ್ರಿ.

ಬೇಸಿಗೆಯಲ್ಲಿ ಕಿಟಕಿಗೆ ಕೂಲರ್ ಕೂರಿಸೋರು ಮೊದಲು ಅದರ ಹಿಂದೆ ಗೂಡಿದೆಯಾ ನೋಡ್ರಿ. ಕೂಲರ್ ಹಿಂದಿನಿಂದ ಗಾಳಿ ಎಳೆದು ಮಲಗೋ ಕೋಣೆಗೇ ಊದುತ್ತೆ, ಹಿಕ್ಕೆಯ ಧೂಳೂ ಅದರ ಜೊತೆಗೇ ಬರುತ್ತೆ.

ಒಣ ಹಿಕ್ಕೆಗೆ ಕಸಬರಿಗೆ ಹಾಕಲೇಬಾರದು. ಎನ್-95 ಮಾಸ್ಕ್, ರಬ್ಬರ್ ಗ್ಲೌಸ್ ಹಾಕಿಕೊಂಡು, ಆ ಕಡೆಯ ಕಿಟಕಿ ಮುಚ್ಚಿ, ಸೋಪಿನ ನೀರನ್ನ ಸ್ಪ್ರೇ ಬಾಟಲಿಯಲ್ಲಿ ನಿಧಾನಕ್ಕೆ ಹೊಡೀರಿ. ಬಕೆಟ್ಟಿಂದ ಒಮ್ಮೆಲೇ ಎರಚಿದರೆ ನೀರು ಬೀಳೋ ರಭಸಕ್ಕೇ ಧೂಳು ಏಳುತ್ತೆ. ಕಾಲು ಗಂಟೆ ನೆನೆಯಲಿ. ಆಮೇಲೆ ಹಳೇ ಕರಣೆಯಿಂದ ಕೆರೆದು, ಒದ್ದೆ ಇರುವಾಗಲೇ ಎರಡು ಕವರಿಗೆ ತುಂಬಿ ಬಾಯಿ ಕಟ್ರಿ. ಜಾಗ ಪೂರ್ತಿ ತೊಳೆದ ಮೇಲಷ್ಟೇ ಬ್ಲೀಚಿಂಗ್: ಹತ್ತು ಲೀಟರ್ ನೀರಿಗೆ ಸುಮಾರು 30 ಗ್ರಾಂ ಹೊಸ ಪುಡಿ, ಹತ್ತು ನಿಮಿಷ ಬಿಟ್ಟು ಮತ್ತೆ ತೊಳೀರಿ, ಇಲ್ಲದಿದ್ದರೆ ಗ್ರಿಲ್ ತುಕ್ಕು ಹಿಡಿಯುತ್ತೆ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ಆಸಿಡ್ ಸೇರಿಸಿದರೆ ವಿಷದ ಗಾಳಿ ಏಳುತ್ತೆ, ಹುಷಾರು. ದಮ್ಮು ಇದ್ದೋರು, ಬಸುರಿಯರು ಈ ಕೆಲಸಕ್ಕೆ ಕೈ ಹಾಕೋದು ಬೇಡ.

ಗೂಡು ತೆಗೆಯೋಕೆ ಸರಿಯಾದ ಹೊತ್ತು ಕಡ್ಡಿ ತರ್ತಾ ಇರುವಾಗಲೇ. ದಿನಾ ಬೆಳಿಗ್ಗೆ ತೆಗೆದುಹಾಕಿದರೆ ಬೇರೆ ಜಾಗ ಹುಡುಕುತ್ತೆ. ಎರಡು ಮೊಟ್ಟೆ ಇಟ್ಟುಬಿಟ್ಟರೆ ಹದಿನೆಂಟು ದಿನ ಕಾವು, ಮರಿ ಹಾರೋಕೆ ಮತ್ತೊಂದು ತಿಂಗಳು. ಅಲ್ಲಿವರೆಗೂ ಕಾಯಲೇಬೇಕು. ಮರಿ ಹಾರಿದ ದಿನವೇ ಗೂಡು ತೆಗೀರಿ. ಬಿಟ್ಟರೆ ಗೂಡಿನಲ್ಲಿರೋ ಕಣ್ಣಿಗೆ ಸರಿಯಾಗಿ ಕಾಣದ ಹಕ್ಕಿ ನುಸಿ ರಕ್ತ ಹುಡುಕ್ಕೊಂಡು ಕಿಟಕಿ ಸಂದಿಯಿಂದ ಹಾಸಿಗೆಗೆ ಬರುತ್ತೆ. ಮೈಯೆಲ್ಲ ತುರಿಕೆ, ಎಷ್ಟೋ ಜನ ತಿಗಣೆ ಅಂದ್ಕೊಂಡು ಮಂಚ ಬಿಸಿಲಿಗೆ ಹಾಕ್ತಾರೆ. ಆಮೇಲೆ ಬಲೆ ಹಾಕ್ರಿ. ಒಂದು ಇಂಚಿನ ಕಣ್ಣಿನ ನೈಲಾನ್ ಬಲೆಯನ್ನ ನಾಲ್ಕೂ ಕಡೆ ಬಿಗಿಯಾಗಿ ಎಳೆದು ಕಟ್ಟಬೇಕು. ಜೋತುಬಿದ್ದರೆ ಹಕ್ಕಿ ರೆಕ್ಕೆ ಸಿಕ್ಕಿಕೊಂಡು ಅಲ್ಲೇ ಸಾಯುತ್ತೆ.

ಇನ್ನು ಗೂಬೆ. ಮೆಕ್ಕೆಜೋಳದ ಗೋದಾಮು, ಮಂಡಕ್ಕಿ ಭಟ್ಟಿ ಇರೋ ಕಡೆ ಇಲಿ, ಇಲಿ ಇರೋ ಕಡೆ ಕಣಜ ಗೂಬೆ. ರಾತ್ರಿ ಅಟ್ಟದಲ್ಲಿ ಹಾವು ಬುಸುಗುಟ್ಟಿದ ಹಾಗೆ, ಯಾರೋ ಗೊರಕೆ ಹೊಡೆದ ಹಾಗೆ ಕೇಳಿದರೆ ಅದು ಊಟ ಕೇಳೋ ಗೂಬೆ ಮರಿ. ಕೆಳಗೆ ಬೆರಳುದ್ದದ ಕಪ್ಪು ಉಂಡೆ ಬಿದ್ದಿದ್ದರೆ ಮಾಟ ಅಂತ ಗಾಬರಿಯಾಗಬೇಡ್ರಿ, ಬಿಡಿಸಿದರೆ ಇಲಿಯ ಕೂದಲು, ಮೂಳೆ ಸಿಗುತ್ತೆ. ಅರಗದ್ದನ್ನ ಅದು ಹಾಗೆ ಕಕ್ಕುತ್ತೆ. ಮರಿ ಹಾರೋಕೆ ಎರಡು ತಿಂಗಳಾದರೂ ಬೇಕು. ಅಷ್ಟು ದಿನ ಇಲಿ ಪಾಷಾಣ ಇಡಬೇಡ್ರಿ: ವಿಷ ತಿಂದ ಇಲಿಯನ್ನ ಗೂಬೆ ತಿಂದು ಅಟ್ಟದಲ್ಲೇ ಸತ್ತರೆ ವಾಸನೆ ನಿಮಗೇ. ಓಡಿಸಲೇಬೇಕು ಅಂದರೆ ಮರಿಗಳೆಲ್ಲ ಹಾರಿಹೋದ ಮೇಲೆ, ಕತ್ತಲಾಗಿ ದೊಡ್ಡವು ಬೇಟೆಗೆ ಹೋದ ಹೊತ್ತಿಗೆ ಒಳಗೆ ಟಾರ್ಚ್ ಬಿಟ್ಟು ನೋಡಿ, ಕಿಂಡಿಗೆ ಜಾಲರಿ ಹೊಡೀರಿ. ಹಿಡಿಯೋದು, ಕೊಲ್ಲೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಾಗ ಅಟ್ಟದಲ್ಲಿ ಗೂಬೆ ಇದೆ ಅಂತ ಗುರುತಿಲ್ಲದೋರ ಮುಂದೆ ಬಾಯಿ ಬಿಡಬೇಡ್ರಿ, ಮಾಟಕ್ಕೆ ಅಂತ ಹಿಡಿಯೋರು ಇದ್ದಾರೆ.

ಕಾಗೆ ತಲೆಗೆ ಕುಕ್ಕಿದರೆ ಶನಿ ಅಂತ ಎಣ್ಣೆ ಬತ್ತಿ ಹಚ್ಚೋ ಮೊದಲು ಮೇಲೆ ತಲೆ ಎತ್ತಿ ನೋಡ್ರಿ. ತೆಂಗಿನ ಗರಿಯಲ್ಲಿ ಗೂಡೋ, ಕಾಂಪೌಂಡಿನೊಳಗೆ ಹಾರಲು ಬಾರದ ಮರಿಯೋ ಇರುತ್ತೆ. ಒಂದು ತಿಂಗಳು ಆ ದಾರಿಯಲ್ಲಿ ಛತ್ರಿ ಹಿಡಿದು ಓಡಾಡ್ರಿ, ಮರಿಯನ್ನ ಮಾತ್ರ ಮುಟ್ಟಬೇಡ್ರಿ.