ಆಮ್ಲಜನಕ-18 ಅಳತೆಗೆ ಮಳೆನೀರು ಹಿಡಿಯುವುದು: ಚಿತ್ರದುರ್ಗ, ದಾವಣಗೆರೆ ಸೀಮೆಗೆ ಒಂದು ಕೈಪಿಡಿ

ಮಳೆನೀರಿನ ಆಮ್ಲಜನಕದಲ್ಲಿ ಸುಮಾರು ಐನೂರಕ್ಕೆ ಒಂದು ಪರಮಾಣು ಭಾರದ್ದು. ಅದರ ತೂಕ 16 ಅಲ್ಲ, 18; ಅದೇ ಆಮ್ಲಜನಕ-18. ಸಮುದ್ರದಿಂದ ಆವಿ ಏಳುವಾಗ ಈ ಭಾರದ ನೀರು ಹಿಂದೆ ಉಳಿಯುತ್ತದೆ, ಮೋಡ ಹನಿಯಾಗುವಾಗ ಅದೇ ಮೊದಲು ಇಳಿಯುತ್ತದೆ. ಅರಬ್ಬಿ ಸಮುದ್ರದ ಮೋಡ ಘಟ್ಟದ ಮೇಲೆ ಸುರಿದು ಸುರಿದು ಹೊಳಲ್ಕೆರೆ ದಾಟುವ ಹೊತ್ತಿಗೆ ಅದರ ಭಾರದ ಪಾಲು ಒಂದಿಷ್ಟು ಕರಗಿರುತ್ತದೆ. ಅಕ್ಟೋಬರ್–ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಬರುವ ಮಳೆ ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಇನ್ನೂ ಹಗುರ, ಅಂದರೆ ಅದರಲ್ಲಿ ಭಾರದ ಪಾಲು ಇನ್ನೂ ಕಡಿಮೆ. ಮುಂಗಾರು, ಹಿಂಗಾರು ಎರಡರ ಪಾಲೂ ಬೀಳುವ ಈ ಜಿಲ್ಲೆಗಳಲ್ಲಿ ಒಂದೇ ಕ್ಯಾನಿಟ್ಟು ಎರಡು ಸಮುದ್ರದ ಲೆಕ್ಕ ನೋಡಬಹುದು.

ಆದರೆ ಮೋಡದ ದಾರಿ ಹೇಗೆ ಈ ಭಾರದ ಪಾಲಿನ ಅಂಕಿಯನ್ನು ಬದಲಿಸುತ್ತದೋ ಹಾಗೆಯೇ ಕ್ಯಾನಿನ ಸಡಿಲ ಮುಚ್ಚಳವೂ ಬದಲಿಸುತ್ತದೆ. ತೆರೆದ ಪಾತ್ರೆಯ ನೀರಿನಲ್ಲಿ ಹತ್ತನೇ ಒಂದು ಪಾಲು ಆವಿಯಾದರೆ ಆಮ್ಲಜನಕ-18ರ ಅಂಕಿ ಸಾವಿರಕ್ಕೆ 1ರಿಂದ 2ರಷ್ಟು ಮೇಲೇರುತ್ತದೆ. ಯಂತ್ರದ ನಿಖರತೆ ಸಾವಿರಕ್ಕೆ 0.1ರ ಆಸುಪಾಸು. ಅಂದರೆ ಈ ಕೆಲಸ ಕೆಡುವುದು ಬಹುಪಾಲು ಮಾಳಿಗೆಯ ಮೇಲೆ, ಪ್ರಯೋಗಾಲಯದಲ್ಲಲ್ಲ.

ಸಂಗ್ರಾಹಕ ಕಟ್ಟುವುದು

ಬೇಕಾದದ್ದು: 5 ಲೀಟರಿನ ಬಿಗಿ ತಿರುಪು ಮುಚ್ಚಳದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಕ್ಯಾನ್, ಬಾಯಿ 14 ಸೆಂ.ಮೀ. ಅಗಲದ ಆಲಿಕೆ, ಡ್ರಿಪ್ ಸಾಮಾನಿನ ಅಂಗಡಿಯ 4 ಮಿ.ಮೀ. ಒಳವ್ಯಾಸದ ಮೈಕ್ರೋಟ್ಯೂಬ್ ಸುಮಾರು 12 ಮೀಟರ್, ಇಳಿನಳಿಕೆಗೆ ಅದಕ್ಕಿಂತ ದಪ್ಪದ ಅರ್ಧ ಮೀಟರ್ ನಳಿಕೆ, ರಬ್ಬರ್ ಗ್ರೋಮೆಟ್ (ತೂತಿಗೆ ಕೂರಿಸುವ ಬಳೆ) ಎರಡು, ಎಂ-ಸೀಲ್, ಸೊಳ್ಳೆಪರದೆಯ ಚೂರು. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ತೋಟಕ್ಕೆ ಡ್ರಿಪ್ ಹಾಕುವವರ ಬಳಿ ಇದರಲ್ಲಿ ಅರ್ಧ ಸಾಮಾನು ಮಿಕ್ಕಿಯೇ ಇರುತ್ತದೆ.

ಆಲಿಕೆಯ ಅಳತೆ ಸುಮ್ಮನೆ ಆರಿಸಿದ್ದಲ್ಲ. 14 ಸೆಂ.ಮೀ. ಬಾಯಿಯ ವಿಸ್ತೀರ್ಣ 154 ಚದರ ಸೆಂ.ಮೀ.; 1 ಮಿ.ಮೀ. ಮಳೆಗೆ 15.4 ಮಿ.ಲೀ. ನೀರು. 5 ಲೀಟರ್ ತುಂಬಲು ಸುಮಾರು 325 ಮಿ.ಮೀ. ಮಳೆಯಾಗಬೇಕು. ದೊಡ್ಡದಿದ್ದರೆ ಒಳ್ಳೆಯದೆಂದು 20 ಸೆಂ.ಮೀ. ಆಲಿಕೆ ಇಟ್ಟರೆ 160 ಮಿ.ಮೀ. ಆಗುವಷ್ಟರಲ್ಲಿ ಕ್ಯಾನು ತುಂಬುತ್ತದೆ. ಒಳ್ಳೆಯ ಸೆಪ್ಟೆಂಬರ್‌ನಲ್ಲಿ ಅದು ತುಂಬಿ ಹರಿದರೆ ತಿಂಗಳ ಕೊನೆಯ ಮಳೆಗೆ ಲೆಕ್ಕವೇ ಇರುವುದಿಲ್ಲ.

ಮುಚ್ಚಳಕ್ಕೆ ಎರಡು ತೂತು. ಒಂದರಿಂದ ಇಳಿನಳಿಕೆ ಕ್ಯಾನಿನ ತಳ ಮುಟ್ಟುವವರೆಗೆ ಹೋಗಬೇಕು. ಅದರ ತುದಿಯನ್ನು ಓರೆಯಾಗಿ ಕತ್ತರಿಸಿ, ಔಷಧಿ ಬಾಟಲಿಯ ಮುಚ್ಚಳದಂಥ ಪುಟ್ಟ ಬಟ್ಟಲಿನೊಳಗೆ ಕೂರಿಸಿ. ಮೊದಲ ಮಳೆಯ ಕೆಲವೇ ಮಿ.ಲೀ. ನೀರಿಗೆ ತುದಿ ಮುಳುಗಿಬಿಡಬೇಕು. ಹಾಗೆ ಮುಳುಗಿದರೆ ಒಳಗಿನ ನೀರಿಗೆ ಆಲಿಕೆಯ ಕಡೆಯ ಗಾಳಿಯ ಸಂಪರ್ಕ ತಪ್ಪುತ್ತದೆ; ನಳಿಕೆಯ ಬಾಯಿಯಷ್ಟು ನೀರು ಮಾತ್ರ ಹೊರಗಿನ ಗಾಳಿಗೆ ತೆರೆದಿರುತ್ತದೆ.

ಎರಡನೇ ತೂತಿಗೆ ಆ 12 ಮೀಟರ್ ಮೈಕ್ರೋಟ್ಯೂಬನ್ನು ಸುರುಳಿ ಸುತ್ತಿ ಜೋಡಿಸಿ. ನೀರು ಒಳಬಂದಾಗ ಗಾಳಿ ಹೊರಹೋಗುವ ದಾರಿ ಇದು. ಇಷ್ಟುದ್ದ ಯಾಕೆಂದರೆ, ಬಿಸಿಲಿಗೆ ಗಾಳಿ ಹಿಗ್ಗಿ ಕುಗ್ಗಿದರೂ ಆವಿ ನಳಿಕೆಯೊಳಗೇ ಹಿಂದೆಮುಂದೆ ಓಡಾಡುತ್ತದೆ, ಸುಲಭವಾಗಿ ಹೊರಬೀಳುವುದಿಲ್ಲ. ಹೊರತುದಿಯನ್ನು ಕೆಳಮುಖ ಮಾಡಿ ಪರದೆ ಕಟ್ಟಿ. ಇಲ್ಲಿ ಹೆಚ್ಚಿನ ತಾಪತ್ರಯ ಕಣಜದ್ದು: ಒಂದೇ ವಾರದಲ್ಲಿ ಮಣ್ಣು ತುಂಬಿ ನಳಿಕೆ ಮುಚ್ಚಿಬಿಡುತ್ತದೆ. ಆಗ ಗಾಳಿ ಕಟ್ಟಿ ಮಳೆನೀರು ಆಲಿಕೆಯಲ್ಲೇ ನಿಲ್ಲುತ್ತದೆ. ಮಳೆ ನಿಂತ ಮೇಲೂ ಆಲಿಕೆಯಲ್ಲಿ ನೀರು ಕಂಡರೆ ಮೊದಲು ನೋಡಬೇಕಾದದ್ದು ಈ ತುದಿಯನ್ನು.

ನೀರಿನ ಮೇಲೆ ಪ್ಯಾರಾಫಿನ್ ಎಣ್ಣೆ ಸುರಿಯುವ ಹಳೆಯ ಪದ್ಧತಿಯೂ ಇದೆ. ಅದು ಬೇಡ. ಈಗ ಹೆಚ್ಚಿನ ಪ್ರಯೋಗಾಲಯಗಳಲ್ಲಿ ಲೇಸರ್ ಯಂತ್ರವಿದ್ದು, ಎಣ್ಣೆಯ ಅಂಶ ಅದರ ಓದನ್ನು ಕೆಡಿಸುತ್ತದೆ. ಆಲಿಕೆಗೆ ಟೇಬಲ್ ಟೆನ್ನಿಸ್ ಚೆಂಡು ಹಾಕುವುದೂ ಬೇಡ. ಇಳಿನಳಿಕೆ ಸರಿಯಿದ್ದರೆ ಅದಕ್ಕೆ ಕೆಲಸವಿಲ್ಲ, ಸಣ್ಣ ಹನಿಗಳನ್ನು ಮಾತ್ರ ತಡೆದು ಹಿಡಿಯುತ್ತದೆ.

ಮಳೆಗಾಲಕ್ಕೆ ಮುಂಚೆ ಪರೀಕ್ಷೆ ಮಾಡಿ. 500 ಗ್ರಾಂ ನೀರು ಹಾಕಿ, ತೂಕ ಬರೆದು, ಏಪ್ರಿಲ್ ಬಿಸಿಲಿನಲ್ಲಿ 30 ದಿನ ಇಟ್ಟು ಮತ್ತೆ ತೂಗಿ. 5 ಗ್ರಾಂಗಿಂತ ಹೆಚ್ಚು ಇಳಿದಿದ್ದರೆ ಗ್ರೋಮೆಟ್‌ನಲ್ಲೋ ಮುಚ್ಚಳದ ತಿರುಪಿನಲ್ಲೋ ಬಿರುಕಿದೆ. ಇಂಥ ಸಲಕರಣೆಯನ್ನು ಜೂನ್‌ಗೆ ಇಡಬೇಡಿ.

ಜಾಗ

ಮರ, ನೀರಿನ ಟ್ಯಾಂಕು, ಗೋಡೆ ಯಾವುದೇ ಇರಲಿ, ಅದು ಆಲಿಕೆಗಿಂತ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಬಿಡಿ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಜುಲೈ ಗಾಳಿ ಸುಮ್ಮನೆ ಬಿಡುವುದಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನಲ್ಲ. ಗಾಳಿಗೆ ಹನಿ ಆಲಿಕೆಯ ಮೇಲಿಂದ ಹಾರಿಹೋಗುತ್ತದೆ, ಹಗುರ ಕ್ಯಾನು ಉರುಳುತ್ತದೆ. ಕ್ಯಾನನ್ನು ಬಿಳಿ ಬಕೆಟ್ಟಿನಲ್ಲಿಟ್ಟು ಸುತ್ತ ಮರಳು ತುಂಬಿದರೆ ಭಾರವೂ ಆಯಿತು, ಬಿಸಿಯೂ ತಗ್ಗಿತು. ಹಿಡಿದ ನೀರನ್ನು 15.4ರಿಂದ ಭಾಗಿಸಿ ಬಂದ ಮಿ.ಮೀ. ಅನ್ನು ನಿಮ್ಮ ಗ್ರಾಮ ಪಂಚಾಯಿತಿಯ ಮಳೆಮಾಪಕದ ಲೆಕ್ಕದೊಂದಿಗೆ ತಾಳೆ ನೋಡಿ. ಮತ್ತೆ ಮತ್ತೆ ಕಡಿಮೆ ಬರುತ್ತಿದ್ದರೆ ಗಾಳಿಯನ್ನೋ ಸೋರಿಕೆಯನ್ನೋ ಅನುಮಾನಿಸಿ.

ತೆಗೆಯುವುದು, ತುಂಬುವುದು

ಪ್ರತಿ ತಿಂಗಳ 1ನೇ ತಾರೀಕು ಬೆಳಗ್ಗೆ 8:30ಕ್ಕೆ ನೀರು ತೆಗೆಯಿರಿ. ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದೂ ಆಗಲೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ 16ರಂದೂ ತೆಗೆಯುವುದು ಲೇಸು. ಉತ್ತರೆ ಮಳೆ ಕಳೆದು ಹಸ್ತ, ಚಿತ್ತ, ಸ್ವಾತಿ ಬರುವ ಹೊತ್ತಿಗೆ ಗಾಳಿಯ ದಿಕ್ಕು ತಿರುಗುತ್ತದೆ. ಎರಡನ್ನೂ ಒಂದೇ ಕ್ಯಾನಿನಲ್ಲಿ ಬೆರೆಸಿದರೆ ನೋಡಬೇಕಾದದ್ದೇ ಅಳಿಸಿಹೋಗುತ್ತದೆ.

ಒಟ್ಟು ನೀರು ಅಳೆದು ಬರೆದುಕೊಳ್ಳಿ. ಕ್ಯಾನು ಕುಲುಕಿ, ಅದೇ ನೀರಿನಿಂದ 60 ಮಿ.ಲೀ. ಬಾಟಲಿ ತೊಳೆದು ಚೆಲ್ಲಿ, ನಂತರ ಕಂಠಮಟ್ಟ ಅಲ್ಲ, ತುಳುಕುವಷ್ಟು ತುಂಬಿ. ಒಳಗೆ ಗಾಳಿಗುಳ್ಳೆ ಇರಬಾರದು. ಒಳಮುಚ್ಚಳವಿರುವ ಬಾಟಲಿ ಉತ್ತಮ. ಎರಡು ಬಾಟಲಿ ತುಂಬಿ, ಒಂದು ನಿಮ್ಮ ಬಳಿ ಇರಲಿ. ರಾಸಾಯನಿಕ ಪರೀಕ್ಷೆಗೆ ನೀರು ಕಳಿಸಿ ರೂಢಿಯಿದ್ದವರು ಆಮ್ಲ ಬೆರೆಸುತ್ತಾರೆ. ಇದಕ್ಕೆ ಏನನ್ನೂ ಬೆರೆಸಬಾರದು. ಚಳ್ಳಕೆರೆಯ ದೂಳು ಬಿದ್ದಿದ್ದರೆ 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್ ಸಾಕು. ಫ್ರಿಜ್ಜಿನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ, ತುಂಬಿದ ಬಾಟಲಿ ಸೀಳುತ್ತದೆ. ಮುಚ್ಚಿದ ದಿನವೇ ಬಾಟಲಿಯ ತೂಕ 0.1 ಗ್ರಾಂವರೆಗೆ ಬರೆದಿಟ್ಟರೆ, ಕಳಿಸುವ ಮುನ್ನ ಮತ್ತೆ ತೂಗಿ ಸೋರಿದೆಯೋ ಇಲ್ಲವೋ ತಿಳಿಯಬಹುದು. ಕ್ಯಾನನ್ನು ಪೂರ್ತಿ ಒರೆಸಿ ಒಣಗಿಸದೆ ಮತ್ತೆ ಇಡಬೇಡಿ.

ಪ್ರಯೋಗಾಲಯಕ್ಕೆ ಕೇಳಬೇಕಾದದ್ದು ಎರಡು: ಆಮ್ಲಜನಕ-18ರ ಜೊತೆ ಡ್ಯುಟೀರಿಯಂ (ಭಾರದ ಜಲಜನಕ) ಕೂಡ ಅಳೆಯುತ್ತೀರಾ, ಪ್ರತಿ ಮಾದರಿಯನ್ನು ಯಂತ್ರಕ್ಕೆ ಎಷ್ಟು ಸಲ ಚುಚ್ಚಿ ಮೊದಲ ಎಷ್ಟನ್ನು ಬಿಡುತ್ತೀರಿ? ಹಿಂದಿನ ಮಾದರಿಯ ನೆನಪು ಯಂತ್ರದಲ್ಲಿ ಉಳಿಯುವುದರಿಂದ ಮೊದಲ ಕೆಲವು ಓದುಗಳನ್ನು ಕೈಬಿಡಲೇಬೇಕು.

ಅಂಕಿ ಓದುವುದು

ಫಲಿತಾಂಶ ಬರುವುದು ಮಾನಕ ಸಮುದ್ರನೀರಿಗಿಂತ ಸಾವಿರಕ್ಕೆ ಎಷ್ಟು ಹೆಚ್ಚು ಕಡಿಮೆ ಎಂಬ ರೂಪದಲ್ಲಿ. −4 ಎಂದರೆ ಸಾವಿರಕ್ಕೆ ನಾಲ್ಕರಷ್ಟು ಹಗುರ. ಮೊದಲು ನೀರು ಕೆಟ್ಟಿದೆಯೇ ನೋಡಿ. 1961ರಲ್ಲಿ ಅಮೆರಿಕದ ಭೂರಸಾಯನ ವಿಜ್ಞಾನಿ ಹಾರ್ಮನ್ ಕ್ರೇಗ್ ತೋರಿಸಿದಂತೆ ಜಗತ್ತಿನ ಮಳೆನೀರು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಕೂರುತ್ತದೆ: ಡ್ಯುಟೀರಿಯಂ = 8 × ಆಮ್ಲಜನಕ-18 + 10. ಡ್ಯುಟೀರಿಯಂನಿಂದ ಆಮ್ಲಜನಕದ ಎಂಟರಷ್ಟನ್ನು ಕಳೆದರೆ ಉಳಿಯುವುದು ಡ್ಯುಟೀರಿಯಂ ಮಿಗಿಲು. ಆಮ್ಲಜನಕ-18 −4, ಡ್ಯುಟೀರಿಯಂ −22 ಬಂದರೆ ಮಿಗಿಲು 10, ಆರೋಗ್ಯವಂತ ಮಳೆ. 0 ಮತ್ತು −2 ಬಂದರೆ ಮಿಗಿಲು −2. ಇದು ಆವಿಯಾದ ನೀರು. ಆವಿಯಾಗುವ ನೀರು 8ರ ಬದಲು 4ರಿಂದ 6ರ ಇಳಿಜಾರಿನಲ್ಲಿ ಗೆರೆ ಬಿಟ್ಟು ಸರಿಯುತ್ತದೆ. ಬೇಸಿಗೆಯಲ್ಲಿ ವಾಣಿವಿಲಾಸ ಸಾಗರದ್ದೋ ಸೂಳೆಕೆರೆಯದ್ದೋ ನೀರನ್ನು ಅಳೆಯಿಸಿದರೆ ಇದು ಕಣ್ಣಿಗೆ ಕಾಣುತ್ತದೆ.

ಆದರೆ ಮಿಗಿಲು ಇಳಿದ ಮಾತ್ರಕ್ಕೆ ಕ್ಯಾನು ಸೋರಿದೆ ಎನ್ನಬೇಡಿ. ಒಣಗಾಳಿಯಲ್ಲಿ ಬಿದ್ದ 1–2 ಮಿ.ಮೀ. ಮಳೆಯ ಹನಿ ಮೋಡದಿಂದ ನೆಲಕ್ಕೆ ಬರುವಷ್ಟರಲ್ಲೇ ಅರೆ ಆರಿರುತ್ತದೆ. ಬಾಟಲಿಯ ತೂಕ ಸರಿಯಿದ್ದು, ಆ ತಿಂಗಳ ಮಳೆ ತೀರಾ ಕಡಿಮೆಯಿದ್ದರೆ ಅದು ಆಕಾಶದ ಕೆಲಸ.

ಇಲ್ಲಿನ ಅಂಕಿಯಿಂದ ಉಷ್ಣಾಂಶ ಓದಲು ಹೋಗಬೇಡಿ. 1964ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ವಿಲ್ಲಿ ಡಾನ್ಸ್‌ಗಾರ್ಡ್ ಕೊಟ್ಟ, ತಾಪ ಒಂದು ಡಿಗ್ರಿ ಏರಿದರೆ ಅಂಕಿ ಸುಮಾರು 0.7 ಏರುತ್ತದೆ ಎಂಬ ಲೆಕ್ಕ ಗ್ರೀನ್‌ಲ್ಯಾಂಡ್‌ನಂಥ ಶೀತಪ್ರದೇಶದ್ದು. ಅಲ್ಲಿ ಚಳಿ ಹೆಚ್ಚಿದಷ್ಟೂ ಮೋಡ ಹಿಂಡಿಹೋಗಿ ಹಿಮ ಹಗುರಾಗುತ್ತದೆ. ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಅಂಕಿ −50ಕ್ಕಿಂತಲೂ ಕೆಳಗೆ. ಆ ಹಿಮದ ಪದರಗಳಿಂದಲೇ 8 ಲಕ್ಷ ವರ್ಷಗಳ ತಾಪದ ಏರಿಳಿತ ತಿಳಿದದ್ದು. ನಮ್ಮಲ್ಲಿ ಅಂಕಿ ಏರಿಳಿಯುವುದು ಮಳೆಯ ಪ್ರಮಾಣ ಮತ್ತು ಮೋಡ ಬಂದ ದಾರಿಯಿಂದ. ಅದರಲ್ಲೂ ನಿಮ್ಮೂರಲ್ಲಿ ಎಷ್ಟು ಸುರಿಯಿತು ಎನ್ನುವುದಕ್ಕಿಂತ ದಾರಿಯಲ್ಲಿ ಎಷ್ಟು ಸುರಿದು ಬಂತು ಎನ್ನುವುದೇ ಹೆಚ್ಚು ಮುಖ್ಯ.

ವರ್ಷದ ಸರಾಸರಿಯನ್ನು ಮಳೆಯ ಪ್ರಮಾಣಕ್ಕೆ ತೂಗಿಯೇ ತೆಗೆಯಬೇಕು. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ: ಜೂನ್ 60 ಮಿ.ಮೀ., −2, ಸೆಪ್ಟೆಂಬರ್ 140, −4.5, ಅಕ್ಟೋಬರ್ 110, −8. ಪ್ರತಿಯೊಂದನ್ನೂ ಗುಣಿಸಿ ಕೂಡಿದರೆ −1630. 310ರಿಂದ ಭಾಗಿಸಿದರೆ −5.3. ಸುಮ್ಮನೆ ಮೂರರಿಂದ ಭಾಗಿಸಿದ್ದರೆ −4.8 ಬರುತ್ತಿತ್ತು.

ಈ ತೂಗಿದ ಸರಾಸರಿ ಕೈಗೆ ಬಂದ ಮೇಲೆ ನಿಮ್ಮ ಬೋರ್‌ವೆಲ್ ನೀರನ್ನೂ ಅಳೆಯಿಸಿ. ಪಂಪು 15 ನಿಮಿಷ ಓಡಿದ ಮೇಲೆ ಹಿಡಿದ ನೀರಾಗಿರಲಿ, ಟ್ಯಾಂಕಿನದ್ದಲ್ಲ. ಅಂಕಿ ಅಕ್ಟೋಬರ್ ಮಳೆಯ ಕಡೆ ವಾಲಿದ್ದು ಮಿಗಿಲು 10ರ ಹತ್ತಿರವಿದ್ದರೆ ಹಿಂಗಾರಿನ ಜೋರು ಮಳೆ ನೇರ ಇಂಗುತ್ತಿರುವ ಸೂಚನೆ. ಮಿಗಿಲು ಬಿದ್ದಿದ್ದರೆ ಹತ್ತಿರದ ಕೆರೆಯ ನೀರು ಬಸಿದು ಬರುತ್ತಿರಬಹುದು. ಕೆರೆಯ ಒಂದು ಬಾಟಲಿಯನ್ನೂ ಜೊತೆಗೆ ಕಳಿಸಿದರೆ ಖಾತ್ರಿಯಾಗುತ್ತದೆ. ಭದ್ರಾ ನಾಲೆ ಹರಿಯುವ ಕಡೆ ನಾಲೆಯ ನೀರಿನದ್ದೂ ಒಂದು ಬಾಟಲಿ ಬೇಕು: ಅದು ಮಲೆನಾಡಿನ ಮಳೆ, ಇಲ್ಲಿನದ್ದಲ್ಲ.