75 ಎಂಎಂ ಪೈಪಿನ ಮೇಲೊಂದು ಎನಿಗ್ಮಾ

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಗುಪ್ತ ಸಂದೇಶ ಬರೆಯಲು ಬಳಸಿದ ಎನಿಗ್ಮಾ ಯಂತ್ರದ ಕಾಗದದ ಮಾದರಿಗೆ ಬೇಕಾಗುವುದು ಒಂದು ಗೇಣು ಪಿವಿಸಿ ಪೈಪು, ಡ್ರಾಯಿಂಗ್ ಶೀಟು, ಫೆವಿಕಾಲ್, ಸೆಲೋಟೇಪು, ಮೂರು ಬಣ್ಣದ ಪೆನ್ನು. ಮೈಸೂರಿನ ಶಿವರಾಂಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲವೂ ಕೈಗೆ ಬರುತ್ತವೆ. ಪೈಪು 75 ಎಂಎಂನದೇ ಇರಲಿ. ಅದರ ಹೊರಸುತ್ತು 235.6 ಮಿ.ಮೀ.; ಇಂಗ್ಲಿಷಿನ ಅಕ್ಷರಕ್ಕೊಂದರಂತೆ 26 ಮನೆ ಮಾಡಿದರೆ ಒಂದೊಂದಕ್ಕೆ 9 ಮಿ.ಮೀ. ಮತ್ತು ಚಿಲ್ಲರೆ. ಹಾಗಂತ ಕಾಗದದ ಪಟ್ಟಿಯನ್ನು ಅಷ್ಟಕ್ಕೇ ಕತ್ತರಿಸಿ ಸುತ್ತಿದರೆ ಆ ಬಳೆ ಪೈಪನ್ನು ಕಚ್ಚಿಕೊಂಡು ತಿರುಗುವುದೇ ಇಲ್ಲ. ನಾನು ಮನೆಗೆ 9.2 ಮಿ.ಮೀ. ಇಟ್ಟೆ: ಪಟ್ಟಿಯ ಉದ್ದ 239.2, ಅಂಟಿಗೆ ಇನ್ನೊಂದು 10. ಎ4 ಹಾಳೆಯಲ್ಲೇ ಪ್ರಿಂಟ್ ಬರುತ್ತದೆ, ಆದರೆ ‘ಫಿಟ್ ಟು ಪೇಜ್’ ಆಯ್ಕೆ ತೆಗೆದಿರಬೇಕು. ಇಲ್ಲವಾದರೆ ಅಳತೆ ಸದ್ದಿಲ್ಲದೆ ಕುಗ್ಗುತ್ತದೆ. ಆಷಾಢದ ತೇವಕ್ಕೆ ಕಾಗದ ಮೆತ್ತಗಾಗುತ್ತದೆ, ಬಳೆಯ ಒಳಮೈಗೆ ಸೆಲೋಟೇಪು ಹಾಕಿಬಿಡಿ.

ಐದು ಬಳೆಗಳು ಬೇಕು. ಬಲತುದಿಯದು ಸ್ಥಿರ, 1ರಿಂದ 26ರವರೆಗೆ ಅಂಕಿ ಬರೆದದ್ದು. ಎಡತುದಿಯ ಪ್ರತಿಫಲಕವೂ (ಬಂದ ದಾರಿಯನ್ನು ಹಿಂದಕ್ಕೆ ತಿರುಗಿಸುವ ಬಳೆ) ಸ್ಥಿರ. ನಡುವಿನ ಮೂರು ತಿರುಗುತ್ತವೆ; ಯಂತ್ರದ ಚಕ್ರಗಳೆಂದರೆ ಇವೇ. ಸ್ಥಿರ ಬಳೆಗಳನ್ನೂ ಅದೇ 239.2ರ ಅಳತೆಗೆ ಮಾಡಿ ಆಮೇಲೆ ಪೈಪಿಗೆ ಟೇಪು ಹಾಕಬೇಕು. ಅವನ್ನು ಮಾತ್ರ ಬಿಗಿಯಾಗಿ ಸುತ್ತಿದರೆ ಮನೆಗೆ ಮನೆ ಕೂಡುವುದಿಲ್ಲ. ಅಕ್ಷರದ ಬದಲು ಅಂಕಿ ಏಕೆಂದರೆ ಜರ್ಮನ್ ಸೇನೆಯ ಚಕ್ರಗಳ ಮೇಲಿದ್ದದ್ದೂ ಅಂಕಿಗಳೇ. ಎ ಅಂದರೆ 1, ಬಿ ಅಂದರೆ 2.

ತಿರುಗುವ ಬಳೆಯ ಎರಡೂ ಅಂಚಿಗೆ 1–26 ಬರೆದು, ಬಲ ಅಂಚಿನಿಂದ ಎಡ ಅಂಚಿಗೆ ಗೆರೆ ಎಳೆಯಬೇಕು. ಬಲಗಡೆಯ ಮೂರನೇ ಚಕ್ರದಲ್ಲಿ 1, 2, 3... ಕ್ರಮವಾಗಿ ತಲುಪುವುದು: 2, 4, 6, 8, 10, 12, 3, 16, 18, 20, 24, 22, 26, 14, 25, 5, 9, 23, 7, 1, 11, 13, 21, 19, 17, 15. ನಡುವಿನ ಎರಡನೇ ಚಕ್ರ: 1, 10, 4, 11, 19, 9, 18, 21, 24, 2, 12, 8, 23, 20, 13, 3, 17, 7, 26, 14, 16, 25, 6, 22, 15, 5. ಎಡಗಡೆಯ ಒಂದನೇ ಚಕ್ರ: 5, 11, 13, 6, 12, 7, 4, 17, 22, 26, 14, 20, 15, 23, 25, 8, 24, 21, 19, 16, 1, 9, 2, 18, 3, 10. ಪ್ರತಿಫಲಕದಲ್ಲಿ ಜೋಡಿಗಳು: 1–25, 2–18, 3–21, 4–8, 5–17, 6–19, 7–12, 9–16, 10–24, 11–14, 13–15, 20–26, 22–23. ಇವು ನಿಜವಾದ ಸೇನಾ ಎನಿಗ್ಮಾದ ವೈರಿಂಗ್‌ಗಳೇ.

ಪ್ರತಿ ಅಕ್ಷರಕ್ಕೂ ಮೊದಲು ಬಲಚಕ್ರವನ್ನು ಒಂದು ಮನೆ ತಿರುಗಿಸಿ, ಆಮೇಲೆ ಗೆರೆ ಹಿಡಿದು ಹೋಗಬೇಕು. ಮೂರೂ ಚಕ್ರ 1ರಲ್ಲಿದ್ದಾಗ 1 ಒತ್ತಿದರೆ (ಅಂದರೆ ಬಲತುದಿಯ 1ರಿಂದ ಹೊರಟರೆ), ಸ್ಥಿರ ಮನೆಗಳ ಲೆಕ್ಕದಲ್ಲಿ ದಾರಿ ಹೀಗೆ: 1, 3, 4, 6, ಪ್ರತಿಫಲಕದಲ್ಲಿ 19, ವಾಪಸು 19, 5, 2. ಉತ್ತರ 2. ಹಾಗೇ 1ನ್ನು ಐದು ಸಲ ಒತ್ತಿದರೆ 2, 4, 26, 7, 15 ಬರಬೇಕು. ಮೊದಲ ಉತ್ತರವೇ 21 ಬಂದರೆ ತಿರುಗಿಸುವ ಮುಂಚೆ ಓದಿದ್ದೀರಿ. 15 ಬಂದರೆ ತಿರುಗಿಸಿದ್ದು ಹಿಮ್ಮುಖ. ಚಕ್ರದ 2 ಎಂಬ ಅಂಕಿ ಸ್ಥಿರ ಪಟ್ಟಿಯ 1ರ ಎದುರಿಗೆ ಬರಬೇಕಿತ್ತು. ಬೇರೇನೋ ಬಂದರೆ ಗೆರೆ ತಪ್ಪಿದೆ, ಮತ್ತೆ ಎಣಿಸಿ.

ಎಲ್ಲರೂ ಎಡವುವುದು ನಡುಚಕ್ರದಲ್ಲಿ. ಬಲಚಕ್ರ 22ರಿಂದ 23ಕ್ಕೆ ಹೋಗುವಾಗ ನಡುವಿನದು ಒಂದು ಮನೆ ಸರಿಯುತ್ತದೆ, ಇಷ್ಟು ಸುಲಭ. ಆದರೆ ನಡುಚಕ್ರ 5ರಲ್ಲಿದ್ದರೆ ಮುಂದಿನ ಒತ್ತಿನಲ್ಲೇ ಎಡಚಕ್ರವನ್ನು ತಳ್ಳಿ ತಾನೂ ಮತ್ತೊಮ್ಮೆ ಸರಿಯುತ್ತದೆ. ಎಡದಿಂದ ಓದಿದರೆ 1-4-21, 1-4-22, 1-5-23, 2-6-24. ವಾಹನದ ಮೀಟರಿನಂತೆ ತಿರುಗುತ್ತದೆ ಎಂದುಕೊಂಡವರ ಸಂದೇಶ ಇಲ್ಲಿಂದಾಚೆಗೆ ಕಲಸುಮೇಲೋಗರ.

ಅಕ್ಷರಗಳನ್ನು ಜೋಡಿಜೋಡಿಯಾಗಿ ವೈರಿನಿಂದ ಅದಲುಬದಲು ಮಾಡುತ್ತಿದ್ದ ಪ್ಲಗ್‌ಬೋರ್ಡಿಗೆ ಒಂದು ಚೀಟಿ ಸಾಕು: ಹತ್ತು ಜೋಡಿ ಬರೆದು, ಒಳಹೋಗುವಾಗಲೂ ಹೊರಬರುವಾಗಲೂ ಅದಲುಬದಲು ಮಾಡುವುದು. ಸೇನೆಯ ಬಳಿಯಿದ್ದ ಐದು ಚಕ್ರಗಳಲ್ಲಿ ಮೂರನ್ನು ಆರಿಸಿ ಜೋಡಿಸುವ 60 ಬಗೆ, ಅವುಗಳ 17,576 ಆರಂಭಸ್ಥಾನಗಳನ್ನು ಗುಣಿಸಿದರೆ ಬರುವುದು ಹತ್ತೂವರೆ ಲಕ್ಷ. ಹತ್ತು ವೈರುಗಳ ಬೋರ್ಡೊಂದೇ 150 ಲಕ್ಷ ಕೋಟಿಗೂ ಹೆಚ್ಚು ಬಗೆ ಸೇರಿಸುತ್ತದೆ. ಅಷ್ಟಿದ್ದೂ ಯಂತ್ರ ಸೋತಿತು. ಆರ್ಥರ್ ಶೆರ್ಬಿಯಸ್ 1918ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ವಿನ್ಯಾಸದ ಸೇನಾ ರೂಪವನ್ನು ಪೋಲೆಂಡಿನ ಗಣಿತಜ್ಞ ಮರಿಯಾನ್ ರೆಯೆವ್ಸ್ಕಿ 1932ರಲ್ಲೇ, ಇನ್ನೂ ಮೂರೇ ಚಕ್ರ, ಕಡಿಮೆ ವೈರುಗಳಿದ್ದಾಗ, ಭೇದಿಸಿದರು. ಅವರಿಗೆ ಸಿಕ್ಕ ದೊಡ್ಡ ಎಳೆ ಅಂದರೆ, ಜರ್ಮನ್ನರು ಸಂದೇಶದ ಮೂರಕ್ಷರದ ಕೀಲಿಯನ್ನು ತಪ್ಪದಿರಲೆಂದು ಎರಡೆರಡು ಸಲ ಕಳಿಸುತ್ತಿದ್ದುದು.

ಇನ್ನೊಂದು ಬಿರುಕು ಪ್ರತಿಫಲಕದ್ದು. ಅದಿರುವುದರಿಂದ ಬರೆಯುವುದಕ್ಕೂ ಬಿಡಿಸುವುದಕ್ಕೂ ಒಂದೇ ಜೋಡಣೆ ಸಾಕು, ಆದರೆ ಯಾವ ಅಕ್ಷರವೂ ತಾನೇ ಆಗಿ ಹೊರಬರುವುದಿಲ್ಲ. ಇದನ್ನು ನಮ್ಮ ಮಾದರಿಯಲ್ಲೇ ನೋಡಬಹುದು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಕಾಗದವನ್ನು ಎನ್‌ಕ್ರಿಪ್ಟ್ ಮಾಡಿ (ಗುಪ್ತಲಿಪಿಗೆ ತಿರುಗಿಸಿ), ಹಳೇ ಮೈಸೂರಿನ ಕಾಗದಗಳ ಮಾಮೂಲಿ ಒಕ್ಕಣೆ ‘ಉಭಯ ಕುಶಲೋಪರಿ ಸಾಂಪ್ರತ’ವನ್ನು ಅದರ ಕೆಳಗೆ ಜಾರಿಸುತ್ತ ಹೋಗಿ. ಅದು ಇಂಗ್ಲಿಷಿನಲ್ಲಿ, ಎಡೆಯಿಲ್ಲದೆ 25 ಅಕ್ಷರ. ಎಲ್ಲಾದರೂ ಮೇಲೆ ಕೆಳಗೆ ಒಂದೇ ಅಕ್ಷರ ಬಿತ್ತೋ, ಆ ಜಾಗ ಅಲ್ಲ. ನೂರು ಜಾಗಗಳಲ್ಲಿ ಸರಾಸರಿ 62 ಹೀಗೇ ಬಿದ್ದುಹೋಗುತ್ತವೆ. ಇಂಗ್ಲೆಂಡಿನ ಗುಪ್ತಲಿಪಿ ಭೇದಿಸುವ ಕೇಂದ್ರವಾಗಿದ್ದ ಬ್ಲೆಚ್‌ಲಿ ಪಾರ್ಕಿನವರು ಹವಾಮಾನ ವರದಿಯ ಸವಕಲು ಸಾಲುಗಳಿಂದ ಮಾಡಿದ್ದೂ ಇದನ್ನೇ. ಉಳಿದ ಜಾಗಗಳನ್ನು ಟ್ಯೂರಿಂಗ್ ಮತ್ತು ವೆಲ್ಚ್‌ಮನ್ ರೂಪಿಸಿದ ‘ಬಾಂಬ್’ ಯಂತ್ರ ಜಾಲಾಡುತ್ತಿತ್ತು.

ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಇದಕ್ಕಿಂತ ದೊಡ್ಡ ತೊಂದರೆ ಇದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟು: ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಪಾಸ್‌ವರ್ಡನ್ನೇ ಮತ್ತೆಮತ್ತೆ ಎಕ್ಸಾರ್ ಮಾಡುವ (ಬಿಟ್ಟಿಗೆ ಬಿಟ್ ಬೆರೆಸುವ, ಎರಡನೇ ಸಲ ಬೆರೆಸಿದರೆ ಮೂಲವೇ ಮರಳುವ ಲೆಕ್ಕ) ಮನೆಮದ್ದು ಪ್ರೋಗ್ರಾಮುಗಳು ಇಲ್ಲಿ ಬೆತ್ತಲಾಗುತ್ತವೆ. ಪಾಸ್‌ವರ್ಡ್ 8 ಬೈಟಿನದಾದರೆ, ಎಡೆಯಿಲ್ಲದ 24 ಬೈಟಿನೊಳಗೆ ಅದರ ಪ್ರತಿಯೊಂದು ಬೈಟೂ ಒಮ್ಮೆ 224ರ ಮೇಲೆ ಕೂತೇ ಕೂರುತ್ತದೆ; ಅಲ್ಲಿ ಮತ್ತೆ 224ನ್ನು ಎಕ್ಸಾರ್ ಮಾಡಿದರೆ ಆ ಬೈಟು ಹೊರಬೀಳುತ್ತದೆ. 24 ಬೈಟು ಅಂದರೆ ‘ಉಭಯಕುಶಲೋ’ ಅಷ್ಟೇ. ಪದ ಯಾವುದೆಂದು ಊಹಿಸಬೇಕಾಗಿಯೂ ಇಲ್ಲ, ಕನ್ನಡ ಎಂದು ಗೊತ್ತಿದ್ದರೆ ಸಾಕು.

ಹಾಗಾಗಿ ನಿಜವಾದ ಕೆಲಸಕ್ಕೆ ಎಇಎಸ್ ಎಂಬ ಎನ್‌ಕ್ರಿಪ್ಶನ್ ವಿಧಾನ. 2001ರಲ್ಲಿ ಅಮೆರಿಕದ ಮಾನದಂಡವಾದ ಇದನ್ನು ಕಟ್ಟಿದವರು ಬೆಲ್ಜಿಯಂನ ಡಾಮೆನ್ ಮತ್ತು ರೈಮನ್. 16 ಬೈಟಿನ ಕಂತೆ, 256 ಬಿಟ್ ಕೀಲಿಯಾದರೆ 14 ಸುತ್ತು. ಪಹಣಿ, ಕ್ರಯಪತ್ರ, ಬ್ಯಾಂಕ್ ಕಾಗದಗಳ ಸ್ಕ್ಯಾನ್ ಇಡಲು ನಾನು ಬಳಸುವುದು ವೆರಾಕ್ರಿಪ್ಟ್ ಎಂಬ ಪ್ರೋಗ್ರಾಮು. ಪೆನ್‌ಡ್ರೈವ್ ಪೂರ್ತಿ ಎನ್‌ಕ್ರಿಪ್ಟ್ ಮಾಡಬೇಡಿ: ಬೇರೆ ಕಂಪ್ಯೂಟರಿಗೆ ಚುಚ್ಚಿದೊಡನೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎನ್ನುತ್ತದೆ, ಮನೆಯಲ್ಲಿ ಯಾರೋ ಒಬ್ಬರು ಹೂಂ ಅನ್ನುತ್ತಾರೆ. ಅದರೊಳಗೆ 2 ಜಿಬಿಯ ಒಂದು ಕಂಟೇನರ್ ಫೈಲು (ಬೀಗ ಹಾಕಿದ ಪೆಟ್ಟಿಗೆಯಂಥದ್ದು) ಸಾಕು. ಫ್ಯಾಟ್32 ವಿಧದಲ್ಲಿ ಫಾರ್ಮ್ಯಾಟ್ ಆದ ಡ್ರೈವಿನಲ್ಲಿ 4 ಜಿಬಿ ಮೀರಿದ ಫೈಲು ಕೂರುವುದಿಲ್ಲ. ಎಇಎಸ್, ಪಾಸ್‌ವರ್ಡನ್ನು ಅರೆಯಲು ಎಸ್‌ಎಚ್‌ಎ-512 ಆರಿಸಿ, ಪಟ್ಟಿ ತುಂಬುವವರೆಗೆ ಮೌಸ್ ಅಡ್ಡಾದಿಡ್ಡಿ ಆಡಿಸಿ. ತೆರೆಯುವಾಗ ಕೆಲವು ಸೆಕೆಂಡು ಹಿಡಿದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಪಾಸ್‌ವರ್ಡನ್ನು 5,00,000 ಸಲ ಅರೆಯುತ್ತಿದೆ. ಕಂಟೇನರನ್ನು ಮುಚ್ಚದೆ (ಡಿಸ್‌ಮೌಂಟ್/ಅನ್‌ಮೌಂಟ್) ಪೆನ್‌ಡ್ರೈವ್ ಕೀಳಬೇಡಿ.

ಪಾಸ್‌ವರ್ಡ್ ಕನ್ನಡ ಲಿಪಿಯಲ್ಲಿ ಬೇಡ. ‘ಕೊ’ದ ಸ್ವರಚಿಹ್ನೆ ಒಂದು ಕೀಬೋರ್ಡಿನಲ್ಲಿ ಒಂದೇ ಸಂಕೇತ, ಇನ್ನೊಂದರಲ್ಲಿ ಎರಡು ಚಿಹ್ನೆಗಳ ಜೋಡಿ ಆಗಬಹುದು, ಕಣ್ಣಿಗೆ ಒಂದೇ, ವೆರಾಕ್ರಿಪ್ಟಿಗೆ ಬೇರೆ. ಗಾದೆ, ವಚನದ ಸಾಲು ಕೂಡ ಬೇಡ, ಅವು ಇನ್ನೊಂದು ‘ಉಭಯ ಕುಶಲೋಪರಿ’. 1296 ಸಣ್ಣ ಕನ್ನಡ ಪದಗಳ ಪಟ್ಟಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಮಾಡಿಕೊಂಡು, ಪದಕ್ಕೆ ನಾಲ್ಕು ಸಲ ದಾಳ ಎಸೆದು ಏಳು ಪದ ಆರಿಸಿದರೆ ಸುಮಾರು 72 ಬಿಟ್ ಬಲ ಸಿಗುತ್ತದೆ, ಅಂದರೆ 2ನ್ನು 72 ಸಲ ಗುಣಿಸಿದಷ್ಟು ಸಾಧ್ಯತೆ. ಬಂದ ಪದ ಹಿಡಿಸಲಿಲ್ಲವೆಂದು ಮತ್ತೆ ಎಸೆಯುವಂತಿಲ್ಲ. ಅದನ್ನು ಕಾಗದದ ಮೇಲೆ ಬರೆದು, ಪೆನ್‌ಡ್ರೈವ್ ಇರುವ ಬೀರು ಬಿಟ್ಟು ಬೇರೆ ಮನೆಯಲ್ಲಿಡಿ; ನಮ್ಮದು ಮಂಡ್ಯದಲ್ಲಿದೆ. ಮೂಲ ಫೈಲುಗಳನ್ನು ಅಳಿಸುವ ಮುಂಚೆ ಇನ್ನೊಂದು ಕಂಪ್ಯೂಟರಿನಲ್ಲಿ, ಆ ಚೀಟಿ ನೋಡಿಕೊಂಡೇ ಟೈಪ್ ಮಾಡಿ ಕಂಟೇನರ್ ತೆರೆದು ನೋಡಿ.